ಬಂಪರಿನ ಹಿಂದಿನ ಕಣ್ಣು

ಕಾರು ಓಡಿಸುತ್ತಿದ್ದವರು ವಕೀಲ ಹ್ಯಾರಿ ಲಿಂಡ್ಸೆ. ಪಕ್ಕದಲ್ಲಿ ಕೂತಿದ್ದವರು ರಾಲ್ಫ್ ಟೀಟರ್. ಮಾತಿಗೆ ಬಾಯಿ ತೆರೆದರೆ ವಕೀಲರ ಕಾಲು ಆಕ್ಸಿಲರೇಟರಿನಿಂದ ತಾನಾಗಿ ಮೇಲೇಳುತ್ತಿತ್ತು. ಟೀಟರ್ ಮಾತಾಡುವಾಗ ಕೇಳಿಸಿಕೊಳ್ಳುತ್ತಾ ಮತ್ತೆ ಒತ್ತುತ್ತಿತ್ತು. ಕಾರು ಒಮ್ಮೆ ಮುಗ್ಗರಿಸಿ ಒಮ್ಮೆ ಜಿಗಿದು ಸಾಗುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕಿಟಕಿಯಾಚೆ ನೋಡುತ್ತಾ ಅದನ್ನು ಮರೆತುಬಿಡುತ್ತಿದ್ದರೇನೋ. ಟೀಟರ್‌ಗೆ ಆ ಅನುಕೂಲ ಇರಲಿಲ್ಲ. ಐದನೇ ವಯಸ್ಸಿನಲ್ಲಿ ಚಾಕುವಿನಿಂದಾದ ಗಾಯ ಅವರ ಎರಡೂ ಕಣ್ಣುಗಳನ್ನು ಕಸಿದಿತ್ತು. ಪ್ರತಿಯೊಂದು ಎಳೆತವೂ ಅವರ ಮೈಗೇ ತಿಳಿಯುತ್ತಿತ್ತು.

ಅಮೆರಿಕದ ಇಂಡಿಯಾನಾದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನವರಾದ ಟೀಟರ್ 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಪಡೆದಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಹಡಗಿನ ಟರ್ಬೈನುಗಳ ರೋಟರುಗಳನ್ನು ಸಮತೋಲಕ್ಕೆ ತರುವ ಕೆಲಸದಲ್ಲಿ ಹೆಸರು ಮಾಡಿದ್ದರು. ಆ ಕೆಲಸದಲ್ಲಿ ಅವರ ಬೆರಳುಗಳೇ ಕಣ್ಣಾಗಿದ್ದವು. ವಕೀಲರ ಕಾಲನ್ನು ರಿಪೇರಿ ಮಾಡುವುದು ಆಗದ ಮಾತು, ಕಾರನ್ನಾದರೂ ಮಾಡಬಹುದಲ್ಲ ಎಂದು ಹೊರಟವರು ವರ್ಷಗಟ್ಟಲೆ ಅದಕ್ಕೇ ಅಂಟಿಕೊಂಡರು. ವೇಗವನ್ನು ಒಂದೇ ಸಮ ಹಿಡಿದಿಡುವ ಅವರ ಯಂತ್ರಕ್ಕೆ 1950ರಲ್ಲಿ ಪೇಟೆಂಟ್ ಸಿಕ್ಕಿತು. ಅದು ಮಾರುಕಟ್ಟೆಯ ಕಾರಿಗೆ ಬರುವಷ್ಟರಲ್ಲಿ 1958 ಆಗಿತ್ತು. ಮೊದಲು ಕೂರಿಸಿಕೊಂಡದ್ದು ಕ್ರೈಸ್ಲರ್ ಕಂಪನಿ. ಕ್ರೂಸ್ ಕಂಟ್ರೋಲ್ ಎಂಬ ಹೆಸರು ಕ್ಯಾಡಿಲಾಕ್‌ನವರಿಂದ ಬಂದು ನಿಂತಿತು.

ಆದರೆ ಆ ಯಂತ್ರಕ್ಕೆ ಹೇಳಿದ ವೇಗ ಹಿಡಿದುಕೊಳ್ಳುವುದೊಂದೇ ಗೊತ್ತಿತ್ತು. ಎದುರಿಗೆ ಲಾರಿ ನಿಂತಿದ್ದರೂ ಅದೇ ವೇಗದಲ್ಲಿ ಹೋಗಿ ಗುದ್ದಲು ಅದು ಸಿದ್ಧವಿತ್ತು. ಅದಕ್ಕೆ ನೋಟ ಬೇಕಿತ್ತು.

ಆ ನೋಟದ ಬೀಜ ಅದಕ್ಕೂ ಅರವತ್ತು ವರ್ಷ ಮೊದಲೇ ಕಲ್ಕತ್ತೆಯಲ್ಲಿ ಬಿದ್ದಿತ್ತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಜಗದೀಶ್ ಚಂದ್ರ ಬೋಸರಿಗೆ ಪ್ರಯೋಗಾಲಯವೆಂದು ಸಿಕ್ಕಿದ್ದು ಶೌಚಾಲಯದ ಪಕ್ಕದ ಒಂದು ಕಿರುಕೋಣೆ. ಉಪಕರಣ ತರಿಸಲು ಹಣವಿರಲಿಲ್ಲ. ವಿಜ್ಞಾನದ ಗಂಧಗಾಳಿ ಇಲ್ಲದ ಒಬ್ಬ ತಗಡು ಕೆಲಸದವನನ್ನು ಕರೆಸಿ, ತಾವೇ ಹೇಳಿಕೊಟ್ಟು ಮಾಡಿಸಿಕೊಂಡರು. ಜರ್ಮನಿಯ ಹರ್ಟ್ಸ್ ಹುಟ್ಟಿಸಿದ್ದ ರೇಡಿಯೊ ಅಲೆಗಳು ಮಾರುದ್ದದವು. ಅವುಗಳ ಗುಣ ಪರೀಕ್ಷಿಸಲು ದೊಡ್ಡ ಹಜಾರವೇ ಬೇಕಿತ್ತು. ಬೋಸರು ಅಲೆಯನ್ನೇ ಚಿಕ್ಕದು ಮಾಡುತ್ತಾ ಹೋದರು. ಐದು ಮಿಲಿಮೀಟರಿನ ತನಕ ಇಳಿಸಿದರು. ಅವುಗಳನ್ನು ಒಟ್ಟುಗೂಡಿಸಲು ಬಳಸಿದ್ದು ಒಂದು ಲೋಹದ ಕೊಳವೆಬಾಯಿ, ಇವತ್ತು ಹಾರ್ನ್ ಆಂಟೆನಾ ಎಂದು ಕರೆಯುವ ಅದೇ.

1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜನ ಸೇರಿದ್ದರು. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಕೂಡ ಇದ್ದರು. ಕಾಣದ ಅಲೆ ಗೋಡೆ ದಾಟಿ, ಆ ದೊಡ್ಡ ಮನುಷ್ಯರ ಮೈಯನ್ನೂ ದಾಟಿ ಆಚೆ ಕೋಣೆಯಲ್ಲಿ ಗಂಟೆ ಬಾರಿಸಿತು, ಮದ್ದಿಗೆ ಕಿಡಿ ಹೊತ್ತಿಸಿತು. ಸಭೆ ಬೆರಗಾಯಿತು. ಆದರೆ ಈ ಕತೆಗೆ ಬೇಕಾದ ಗುಟ್ಟು ಗಂಟೆಯಲ್ಲಿ ಇರಲಿಲ್ಲ, ಒಂದು ರೈಲ್ವೆ ವೇಳಾಪಟ್ಟಿಯಲ್ಲಿತ್ತು. ಬ್ರಾಡ್‌ಶಾ ಎಂಬ ಆ ದಪ್ಪ ಪುಸ್ತಕದ ಹಾಳೆಗಳ ನಡುವೆ ಬೋಸರು ತವರದ ತೆಳುಹಾಳೆಗಳನ್ನು ಸೇರಿಸಿಟ್ಟರು. ಪುಸ್ತಕವನ್ನು ಒಂದು ಬಗೆಯಲ್ಲಿ ಹಿಡಿದರೆ ಅಲೆ ನಿಂತುಹೋಗುತ್ತಿತ್ತು. ಕಾಲುಸುತ್ತು ತಿರುಗಿಸಿದರೆ ಅದೇ ತವರದ ನಡುವಿನಿಂದ ತೂರಿ ಹೋಗುತ್ತಿತ್ತು. ಇಡಿಯಾಗಿದ್ದಾಗ ಅಲೆಯನ್ನು ತಡೆಯುವ ಲೋಹ, ಸರಿಯಾಗಿ ತುಂಡಾದರೆ ದಾರಿ ಬಿಡುತ್ತದೆ. ಇದರಿಂದ ಕಾರಿನವರಿಗೆ ಏನು ಉಪಯೋಗ ಎಂದು ಆಗ ಯಾರು ತಾನೇ ಕೇಳಿಯಾರು, ಕಲ್ಕತ್ತೆಯ ಬೀದಿಯಲ್ಲಿ ಓಡುತ್ತಿದ್ದುದು ಕುದುರೆಗಾಡಿ.

ಅಲೆ ಹೋಗಿ ಮುಟ್ಟುವುದು ಒಂದು ಮಾತು, ಬಡಿದು ಮರಳುವುದು ಇನ್ನೊಂದು. ಮರಳಿ ಬರುವ ಅಲೆಗೆ ಕಿವಿಗೊಟ್ಟವನು ಜರ್ಮನಿಯ ಕ್ರಿಶ್ಚಿಯನ್ ಹ್ಯೂಲ್ಸ್‌ಮೇಯರ್, ಇಪ್ಪತ್ತೆರಡರ ಹುಡುಗ. 1904ರ ಮೇ ತಿಂಗಳಲ್ಲಿ ಕಲೋನ್ ನಗರದಲ್ಲಿ, ರೈನ್ ನದಿಯ ಮಗ್ಗುಲಲ್ಲಿ ಅವನು ತನ್ನ ಪೆಟ್ಟಿಗೆಯನ್ನು ತೋರಿಸಿದ. ಎದುರಿಗೆ ಲೋಹದ ವಸ್ತು ಬಂದರೆ ಗಂಟೆ ಬಾರಿಸುವ ಪೆಟ್ಟಿಗೆ ಅದು; ಮಂಜಿನಲ್ಲಿ ಹಡಗುಗಳು ಡಿಕ್ಕಿಯಾಗದಿರಲಿ ಎಂಬುದು ಅವನ ಆಸೆ. ನೌಕಾಪಡೆ ಬೇಡವೆಂದಿತು, ಹಡಗು ಕಂಪನಿಗಳು ತಲೆಯಾಡಿಸಿ ಸುಮ್ಮನಾದವು. ಬೇಸತ್ತು ಅವನು ಬೇರೆ ವ್ಯಾಪಾರಕ್ಕೆ ಹೋದ. ಮುಂದೆ ರಾಡಾರ್ ಎಂಬ ಹೆಸರಿನಲ್ಲಿ ಅದೇ ವಿಚಾರ ಮರಳಿ ಬಂದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ.

ರಾಡಾರನ್ನು ಕಾರಿಗೆ ಕೂರಿಸುವ ಯತ್ನ 1970ರ ದಶಕದಲ್ಲೇ ನಡೆದಿತ್ತು. ಕಡಲಲ್ಲಿ ಹಡಗು ಒಂದೇ ಇರುತ್ತದೆ. ರಸ್ತೆಯಲ್ಲಿ ಸೇತುವೆ, ಫಲಕ, ತಡೆಗೋಡೆ, ಪಕ್ಕದ ಲೇನಿನ ಬಸ್ಸು ಎಲ್ಲವೂ ಮರುದನಿ ಕೊಡುತ್ತವೆ. ಪೆಟ್ಟಿಗೆಗಳು ದೊಡ್ಡವಾಗಿದ್ದವು, ಎಚ್ಚರಿಕೆಗಳು ಸುಳ್ಳಾಗುತ್ತಿದ್ದವು. ಜಪಾನಿನ ಮಿತ್ಸುಬಿಷಿ ಬೇರೆ ದಾರಿ ಹಿಡಿಯಿತು: 1992ರಲ್ಲಿ ಲೇಸರ್ ಬೆಳಕಿನಿಂದ ಎಚ್ಚರಿಸುವ ಕಾರು, 1995ರಲ್ಲಿ ತಾನೇ ವೇಗ ಇಳಿಸುವ ಕಾರು. ಆದರೆ ಮಳೆ, ಮಂಜು, ಕೆಸರು ಬಂದರೆ ಬೆಳಕು ಸೋಲುತ್ತಿತ್ತು. ಕೊನೆಗೆ 1990ರ ದಶಕದ ಕೊನೆಯಲ್ಲಿ ಮರ್ಸಿಡಿಸ್ ಬೆಂಜ್ ತನ್ನ ಎಸ್ ಕ್ಲಾಸಿಗೆ 77 ಗಿಗಾಹರ್ಟ್ಸ್ ರಾಡಾರ್ ಕೂರಿಸಿತು. ಅದರ ಅಲೆಯ ಉದ್ದ ನಾಲ್ಕು ಮಿಲಿಮೀಟರಿಗೂ ಒಂದೆಳೆ ಕಡಿಮೆ. ಬೋಸರ ಕೋಣೆಯ ಅಲೆಗೆ ಹತ್ತಿರದ ನೆಂಟ.

ಗೆದ್ದೆವು ಎನ್ನುವಷ್ಟರಲ್ಲಿ ಒಂದು ನಗೆಪಾಟಲಿನ ತೊಡಕು ಎದುರಾಗಿತ್ತು. ರಾಡಾರಿಗೆ ಒಳ್ಳೆಯ ಜಾಗ ಕಾರಿನ ಮೂತಿಯ ನಟ್ಟನಡುವೆ. ಅಲ್ಲಿಯೇ ಕಂಪನಿಗಳು ತಮ್ಮ ಹೊಳೆಯುವ ಲಾಂಛನವನ್ನು ಕೂರಿಸಿದ್ದವು. ಕ್ರೋಮಿನ ಹೊಳಪು ಅಲೆಗೆ ಗೋಡೆ. ಲಾಂಛನ ತೆಗೆದರೆ ಮಾರಾಟದವರು ಒಪ್ಪುವುದಿಲ್ಲ, ಬಿಟ್ಟರೆ ರಾಡಾರಿಗೆ ಏನೂ ಕಾಣುವುದಿಲ್ಲ. ಇದಕ್ಕೆ ಸಿಕ್ಕ ಉತ್ತರಗಳಲ್ಲಿ ಅತಿ ಚಂದದ್ದು ಇಂಡಿಯಂ ಎಂಬ ಮೆತ್ತನೆಯ ಲೋಹ. ನಿರ್ವಾತದಲ್ಲಿ ಆವಿಮಾಡಿ ಪ್ಲಾಸ್ಟಿಕ್ಕಿನ ಮೇಲೆ ತೆಳ್ಳಗೆ ಕೂರಿಸಿದರೆ ಅದು ಒಂದೇ ಪದರವಾಗದೆ, ಒಂದಕ್ಕೊಂದು ತಾಗದ ಸೂಕ್ಷ್ಮ ಚುಕ್ಕಿಗಳಾಗಿ ಕೂರುತ್ತದೆ. ಮನುಷ್ಯರ ಕಣ್ಣಿಗೆ ಅದು ಬೆಳ್ಳಿಯ ಹೊಳಪು, ರಾಡಾರಿಗೆ ತೆರೆದ ಬಾಗಿಲು. ವೇಳಾಪಟ್ಟಿಯೊಳಗಿನ ತವರ ಹೇಳಿದ್ದೂ ಇದನ್ನೇ ಅಲ್ಲವೇ.

ಗುಂಡ್ಲುಪೇಟೆ ದಾಟಿ, ಬಂಡೀಪುರ, ಮುತ್ತಂಗ, ಬತ್ತೇರಿ ಹಾದು ವಯನಾಡಿನ ಲಕ್ಕಿಡಿಗೆ ಬರುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಈ ಕಣ್ಣಿನ ಬಲವೂ ಗೊತ್ತಾಗುತ್ತದೆ, ಮಿತಿಯೂ. ನೇರ ರಸ್ತೆಯಲ್ಲಿ ಮುಂದಿನ ಗಾಡಿಯನ್ನು ಅದು ಬಿಡದೆ ಹಿಡಿಯುತ್ತದೆ. ಲಕ್ಕಿಡಿಯಿಂದ ಅಡಿವಾರಕ್ಕೆ ಇಳಿಯುವ ತಾಮರಶ್ಶೇರಿ ಘಟ್ಟದ ಒಂಬತ್ತು ಹೇರ್‌ಪಿನ್ ತಿರುವುಗಳಲ್ಲಿ ಮುಂದಿನ ಗಾಡಿ ನೋಟದಿಂದ ಜಾರಿ, ಎದುರಿಗೆ ಬರೀ ಬಂಡೆ ಉಳಿಯುತ್ತದೆ. ಈ ಘಟ್ಟದ ದಾರಿಯನ್ನು ಇಂಗ್ಲಿಷ್ ಎಂಜಿನಿಯರನಿಗೆ ತೋರಿಸಿದವನು ಪಣಿಯ ಬುಡಕಟ್ಟಿನ ಯುವಕ ಕರಿಂತಂಡನ್, ತೋರಿಸಿದ್ದಕ್ಕೆ ಪ್ರಾಣ ತೆತ್ತ ಎಂದು ಸ್ಥಳೀಯರು ಹೇಳುತ್ತಾರೆ. ಲಕ್ಕಿಡಿಯಲ್ಲಿ ಸರಪಳಿ ಸುತ್ತಿದ ಮರ ಅವನ ನೆನಪಿನದೇ. ಕಂಡುಹಿಡಿದವರಿಗೆ ಸಿಗುವ ಬೆಲೆಯ ಬಗ್ಗೆ ಹ್ಯೂಲ್ಸ್‌ಮೇಯರ್ ಕೂಡ ಒಂದೆರಡು ಮಾತು ಸೇರಿಸಬಹುದಿತ್ತು.

ವಯನಾಡಿನಲ್ಲಿ ಶುಂಠಿ, ನೇಂದ್ರಬಾಳೆ ಹೊರುವ ಪಿಕಪ್ಪುಗಳಿಗೆ ಈ ಕಣ್ಣಿನ ಉಸಾಬರಿ ಇರಲಿಲ್ಲ. ಮುಂದೆ ಕಬ್ಬಿಣದ ಗಾರ್ಡ್ ಬಿಗಿದರೆ ಬಿಗಿದಂತೆ. ರಾಡಾರಿಗೆ ಲೋಹ ಅಡ್ಡ ಬರುವ ತೊಡಕು ದೊಡ್ಡದಾಗಿ ಎದ್ದದ್ದು ಅಮೆರಿಕದಲ್ಲಿ. ಅಲ್ಲಿ ಪಿಕಪ್ ಟ್ರಕ್ಕುಗಳಿಗೂ ರಾಡಾರ್ ಬಂತು, ಅದೇ ಟ್ರಕ್ಕುಗಳಿಗೆ ಜನ ವಿಂಚು ಸಮೇತ ಉಕ್ಕಿನ ಬಂಪರ್ ಹಾಕಿಸುತ್ತಲೂ ಇದ್ದರು. ಹೊಸ ಬಂಪರ್ ಏರಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬೆಳಗುತ್ತಿತ್ತು: ಸೆನ್ಸರಿಗೆ ಅಡ್ಡ ಬಂದಿದೆ.

ಮೆಕ್ಯಾನಿಕ್‌ಗಳು ಸುಮ್ಮನೆ ಕೂರಲಿಲ್ಲ. ಮೊದಲು ಸೆನ್ಸರನ್ನು ಬಿಚ್ಚಿ, ಪಟ್ಟಿ ಬಗ್ಗಿಸಿ, ಜಾಗ ಸಿಕ್ಕಲ್ಲಿ ಬಿಗಿದರು. ಎಚ್ಚರಿಕೆ ಆರಿತು, ಟ್ರಕ್ಕು ಮಾತ್ರ ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಿತು. ಪಕ್ಕದ ಲೇನಿನ ಲಾರಿಯನ್ನು ತನ್ನ ಮುಂದಿನದೆಂದು ಬಗೆದಿತ್ತು. ತೆಳು ಪಟ್ಟಿಯಾದರೆ ಹಳ್ಳದ ಮೇಲೆ ನಡುಗುತ್ತಿತ್ತು. ಬಂಪರಿನಲ್ಲಿ ಕಿಂಡಿ ಕೊರೆದರೆ ಅದರ ಅಂಚೇ ಅಲೆಯನ್ನು ಚದುರಿಸುತ್ತಿತ್ತು. ಟ್ರಕ್ಕನ್ನು ಎತ್ತರಿಸಿದ್ದರಂತೂ ಎಲ್ಲ ಲೆಕ್ಕ ಮತ್ತೆ ಮೊದಲಿಂದ. ತಪ್ಪುತ್ತಾ ತಿದ್ದುತ್ತಾ ಹೋಗಿ, ದಪ್ಪ ಬ್ರಾಕೆಟ್, ಉದ್ದ ಮಾಡಿದ ವೈರಿಂಗ್, ಅಗಲವಾದ ಕಿಂಡಿ ಸೇರಿದ ಕಿಟ್‌ಗಳನ್ನು ಬಂಪರ್ ತಯಾರಕರೇ ಮಾರತೊಡಗಿದರು.

2021ರಲ್ಲಿ ಮಹೀಂದ್ರದ ಎಕ್ಸ್‌ಯುವಿ 700ರಂಥ ಗಾಡಿಗಳೊಂದಿಗೆ ಈ ಕಣ್ಣು ನಮ್ಮ ರಸ್ತೆಗಳಲ್ಲೂ ಹೆಚ್ಚತೊಡಗಿತು. ಆದರೆ ಇಲ್ಲಿ ಕಿಟ್ ತರಿಸಿ ಪ್ರಯೋಜನವಿರಲಿಲ್ಲ. ಬುಲ್ ಬಾರ್‌ಗಳ (ಗಾಡಿಯ ಮುಂದೆ ಬಿಗಿಯುವ ಲೋಹದ ಗಾರ್ಡುಗಳ) ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು.

ಅಮೆರಿಕದ ಮೆಕ್ಯಾನಿಕ್ಕುಗಳ ಬಗ್ಗಿಸಿದ ಪಟ್ಟಿ ಸೋತದ್ದೇಕೆ ಎಂಬುದಕ್ಕೆ ಉತ್ತರ ಸರಳ. ನೋಟ ಒಂದೇ ಒಂದು ಡಿಗ್ರಿ ವಾಲಿದರೂ ನೂರು ಮೀಟರ್ ದೂರದಲ್ಲಿ ಅದು 1.75 ಮೀಟರ್ ಸರಿದಿರುತ್ತದೆ, ಅಂದರೆ ಮೂರೂವರೆ ಮೀಟರ್ ಲೇನಿನ ಅರ್ಧ. ಸೆನ್ಸರು ಒಂದಿಷ್ಟು ಪಕ್ಕಕ್ಕೋ ಕೆಳಕ್ಕೋ ಹೋದರೆ ಅಷ್ಟು ಚಿಂತೆಯಿಲ್ಲ. ಅದು ಯಾವ ಕಡೆ ಮುಖ ಮಾಡಿದೆ ಎನ್ನುವುದೇ ಮುಖ್ಯ. ಎದುರಿಗೆ ಲೋಹ ಇರಬಾರದು. ಪ್ಲಾಸ್ಟಿಕ್ ಇದ್ದರೆ ಅದರೊಳಗೆ ಅಲೆಯ ಉದ್ದ ಎಷ್ಟೋ ಅದರ ಅರ್ಧದ ಲೆಕ್ಕದಲ್ಲಿ ದಪ್ಪವಿರಬೇಕು, ಆಗ ಎರಡು ಮೈಗಳಿಂದ ಹಿಮ್ಮೆಟ್ಟುವ ಅಲೆಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಕೂರಿಸಿದ ಮೇಲೆ ಮಟ್ಟ ನೋಡಿ, ಎದುರಿಗೆ ಲೋಹದ ಗುರಿ ನಿಲ್ಲಿಸಿ ತಿರುಪು ತಿರುಗಿಸಿ ನೇರಮಾಡಬೇಕು. ಉಳಿದ ಸಣ್ಣ ಓರೆಯನ್ನು ಸೆನ್ಸರು ರಸ್ತೆಯಲ್ಲಿ ಓಡುತ್ತಾ ತಾನೇ ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ. ಓರೆ ಮಿತಿ ಮೀರಿದರೆ ಕೆಲಸ ನಿಲ್ಲಿಸಿ, ಕಾಲನ್ನು ಮತ್ತೆ ಪೆಡಲಿನ ಮೇಲಿಡುವಂತೆ ಚಾಲಕನಿಗೆ ಹೇಳುತ್ತದೆ.