ಅಜ್ಜನ ತೋಳಿನ ಮೇಲೊಂದು ಗುರುತು

ಮಕ್ಕಳೇ, ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಅಜ್ಜ ಅಥವಾ ಅಜ್ಜಿ ಇದ್ದರೆ ಅವರ ತೋಳನ್ನೊಮ್ಮೆ ನೋಡಿ. ಭುಜದ ಕೆಳಗೋ ಮುಂಗೈಯ ಮೇಲೋ ಸಣ್ಣ ನಾಣ್ಯದಷ್ಟು ಅಗಲದ ಕಲೆ ಕಾಣಬಹುದು. ಕೆಲವರಿಗೆ ಎರಡು ಮೂರು ಇರುತ್ತವೆ. "ಇದೇನಜ್ಜಾ?" ಎಂದು ಕೇಳಿದರೆ "ದಾಕು ಹಾಕಿದ್ದು ಮಗಾ" ಎನ್ನುತ್ತಾರೆ. ಅದು ಸಿಡುಬು ಬಾರದಂತೆ ಹಾಕಿದ ಲಸಿಕೆಯ ಗುರುತು. ನನ್ನ ತೋಳಿನಲ್ಲೂ ಇದೆ. ನಮ್ಮ ಕಾಲದಲ್ಲಿ ದಾಕು ಹಾಕುವವರು ಊರಿಗೆ ಬಂದರೆಂದರೆ ಮಕ್ಕಳು ಅಟ್ಟ ಹತ್ತಿ ಅಡಗಿಕೊಳ್ಳುತ್ತಿದ್ದರು! ಆ ಗುರುತು ನಿಮ್ಮ ತೋಳಿನಲ್ಲಿ ಇಲ್ಲ. ಯಾಕೆ ಗೊತ್ತೇ?

ಸಿಡುಬು ಸಾಮಾನ್ಯ ಕಾಯಿಲೆಯಲ್ಲ. ಜೋರು ಜ್ವರ, ಮೈತುಂಬ ಕೀವು ತುಂಬಿದ ಗುಳ್ಳೆ. ಅದರ ಉಗ್ರ ರೂಪ ತಗುಲಿದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಬದುಕಿದವರ ಮುಖದಲ್ಲಿ ಕುಳಿಗಳು ಉಳಿಯುತ್ತಿದ್ದವು, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. "ಅಮ್ಮ ಬಂದಿದ್ದಾಳೆ" ಎಂದು ಮನೆಯವರು ಬೇವಿನ ಸೊಪ್ಪು ಕಟ್ಟಿ ಕಾಯುತ್ತಿದ್ದರು. ಬಂದ ಮೇಲೆ ಗುಣಪಡಿಸುವ ಔಷಧ ಇರಲಿಲ್ಲ. ಇದ್ದದ್ದು ಒಂದೇ ದಾರಿ: ಬಾರದಂತೆ ನೋಡಿಕೊಳ್ಳುವುದು.

ಆ ದಾರಿಯನ್ನು ಜಗತ್ತಿಗೆ ತೋರಿಸಿದವರು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್. ಹಸುವಿನ ಕೆಚ್ಚಲಿಗೆ ಗುಳ್ಳೆ ಬರುವ ಒಂದು ರೋಗವಿದೆ. ಅದು ತಗುಲಿದ ಹಾಲು ಕರೆಯುವ ಹೆಂಗಸರಿಗೆ ಸಿಡುಬು ಬರುವುದಿಲ್ಲವೆಂದು ಹಳ್ಳಿಯ ಜನ ಹೇಳುತ್ತಿದ್ದರು. ಜೆನ್ನರ್ ಆ ಮಾತನ್ನು ಪರೀಕ್ಷಿಸಿ ನೋಡಿದರು. 1796ರ ಮೇ 14ರಂದು ಅಂಥ ಹೆಂಗಸೊಬ್ಬಳ ಕೈಗುಳ್ಳೆಯ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಗೀರಿ ಹಾಕಿದರು. ಮುಂದೆ ಸಿಡುಬಿನ ರಸವನ್ನೇ ಹಾಕಿದಾಗಲೂ ಅವನಿಗೆ ರೋಗ ಬರಲಿಲ್ಲ. 1802ರಲ್ಲಿ ಈ ಲಸಿಕೆ ಮುಂಬಯಿಗೆ ಬಂತು. ನಮ್ಮ ದೇಶದಲ್ಲಿ ಮೊದಲು ಹಾಕಿಸಿಕೊಂಡದ್ದು ಅನ್ನಾ ಎಂಬ ಮೂರು ವರ್ಷದ ಮಗು.

ಆದರೂ ಸಿಡುಬನ್ನು ಓಡಿಸಲು ನೂರೆಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1970ರ ದಶಕದಲ್ಲಿ ಆರೋಗ್ಯ ಕಾರ್ಯಕರ್ತರು ಸಿಡುಬು ಬಂದ ಮಗುವಿನ ಚಿತ್ರ ಹಿಡಿದು ಮನೆಮನೆಗೆ, ಸಂತೆಗೆ, ಶಾಲೆಗೆ ಹೋಗಿ "ಇಂಥವರನ್ನು ಕಂಡಿದ್ದೀರಾ?" ಎಂದು ಕೇಳಿದರು. ದೊಡ್ಡವರು ಮುಚ್ಚಿಟ್ಟದ್ದನ್ನು ಎಷ್ಟೋ ಸಲ ಶಾಲಾ ಮಕ್ಕಳೇ ಹೇಳಿದರು! ಭಾರತದ ಕೊನೆಯ ರೋಗಿ ಅಸ್ಸಾಮಿನಲ್ಲಿ ಸಿಕ್ಕಿದ್ದು 1975ರ ಮೇ ತಿಂಗಳಲ್ಲಿ. 1980ರ ಮೇ 8ರಂದು ಸಿಡುಬು ಇಡೀ ಭೂಮಿಯಿಂದಲೇ ತೊಲಗಿತೆಂದು ಘೋಷಣೆಯಾಯಿತು. ರೋಗವೇ ಇಲ್ಲವೆಂದ ಮೇಲೆ ದಾಕು ಯಾಕೆ? ಅದಕ್ಕೇ ನಿಮ್ಮ ತೋಳಿನಲ್ಲಿ ಆ ಗುರುತಿಲ್ಲ. ನಿಮಗಿರುವ ಚಿಕ್ಕ ಕಲೆ ಬೇರೆ. ಅದು ಕ್ಷಯರೋಗದ ವಿರುದ್ಧ ಹುಟ್ಟಿದಾಗ ಹಾಕಿದ ಬಿಸಿಜಿ ಲಸಿಕೆಯದು.

ನಾನು ಬಹಳ ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಜಮಾ ಆಗಲಿ, ಖರ್ಚಾಗಲಿ, ಪುಸ್ತಕದಲ್ಲಿ ಕಾಣುತ್ತದೆ. ಬಾರದೇ ಹೋದ ಕಾಯಿಲೆ ಮಾತ್ರ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಕಾಣದ್ದನ್ನು ಜನ ಬೇಗ ಮರೆಯುತ್ತಾರೆ.

ಈಗ ಹೀಗೆ ಮರೆತುಹೋಗುತ್ತಿರುವ ಒಂದು ಸಂಗತಿ ಹೇಳುತ್ತೇನೆ. ಹಸುಗೂಸಿಗೆ ಹೆಚ್ಚಿನವರು ಚುಚ್ಚುಮದ್ದು ಹಾಕಿಸುತ್ತಾರೆ. ಆದರೆ ಗಂಟಲಮಾರಿ ಮತ್ತು ಧನುರ್ವಾಯುವಿನ ವಿರುದ್ಧ ಆಗ ಬಂದ ಶಕ್ತಿ ವರ್ಷ ಕಳೆದಂತೆ ಕುಂದುತ್ತದೆ. ಆದ್ದರಿಂದ ಐದನೆಯ ವರ್ಷದ ಹೊತ್ತಿಗೊಮ್ಮೆ, ಹತ್ತಕ್ಕೊಮ್ಮೆ, ಹದಿನಾರಕ್ಕೊಮ್ಮೆ ಮತ್ತೆ ಹಾಕಿಸಬೇಕು. ಮಗು ಶಾಲೆಗೆ ಹೋಗತೊಡಗಿದ ಮೇಲೆ ಇವೇ ತಪ್ಪಿಹೋಗುವುದು. ಗಂಟಲಮಾರಿ ಸಿಡುಬಿನಂತೆ ತೊಲಗಿಲ್ಲ. ಈಗಲೂ ನಮ್ಮ ದೇಶದಲ್ಲಿ ಶಾಲೆಗೆ ಹೋಗುವ ವಯಸ್ಸಿನವರಲ್ಲಿ ಕಾಣಿಸಿಕೊಳ್ಳುತ್ತದೆ. ಗಂಟಲಲ್ಲಿ ಪೊರೆ ಕಟ್ಟಿ ಉಸಿರು ಕಟ್ಟಿಸುತ್ತದೆ, ಹೃದಯಕ್ಕೂ ಪೆಟ್ಟು ಕೊಡುತ್ತದೆ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳು ಎಷ್ಟೋ ಸಲ ಸದ್ದಿಲ್ಲದೆ ಬರುತ್ತವೆ. "ನನಗೇನೂ ಆಗಿಲ್ಲ, ಗಟ್ಟಿಯಾಗಿದ್ದೇನೆ" ಎನ್ನುವವರೂ ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಿಸಿಕೊಳ್ಳಿ. ನಮ್ಮ ವಯಸ್ಸಿನವರಿಗೂ ಫ್ಲೂ, ನ್ಯುಮೋನಿಯಾಗಳ ವಿರುದ್ಧ ಲಸಿಕೆಗಳಿವೆ. ನಿಮಗೆ ಬೇಕೇ ಎಂದು ವೈದ್ಯರನ್ನು ಕೇಳಿ.

ಈ ಭಾನುವಾರ ಎಲ್ಲರೂ ಸೇರಿ ಒಂದು ಕೆಲಸ ಮಾಡಿ. ಬೀರುವಿನಲ್ಲಿರುವ ತಾಯಿ ಕಾರ್ಡ್ ಹೊರತೆಗೆಯಿರಿ. ಅಜ್ಜ ಕನ್ನಡಕ ಹಾಕಿಕೊಂಡು ಓದಲಿ, ಮೊಮ್ಮಕ್ಕಳು ಹಾಕಿಸಿದ್ದನ್ನು ಗುರುತು ಹಾಕಲಿ. ಯಾವುದಾದರೂ ತಪ್ಪಿದ್ದರೆ, ಅಥವಾ ಕಾರ್ಡೇ ಕಳೆದಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ, ಇಲ್ಲವೇ ಆಶಾ ಕಾರ್ಯಕರ್ತೆಗೆ ತಿಳಿಸಿ. ಅಲ್ಲಿ ಈ ಲಸಿಕೆಗೆ ದುಡ್ಡಿಲ್ಲ. ನೋವು? ಇರುವೆ ಕಚ್ಚಿದಷ್ಟು. ಅಟ್ಟ ಹತ್ತಬೇಕಾಗಿಲ್ಲ!