ರಸಪ್ರಶ್ನೆ ತಂಡಕ್ಕೆ ಒಬ್ಬನ ನೆನಪು ಸಾಲದು
ಅಭ್ಯಾಸ ಬೋಧನೆಯ ಅವಧಿಯಲ್ಲಿ ಒಂಬತ್ತನೇ ತರಗತಿಯ ಮೂವರನ್ನು ವಿಜ್ಞಾನ ರಸಪ್ರಶ್ನೆಗೆ ಸಿದ್ಧಗೊಳಿಸುವ ಹೊಣೆ ನನಗೆ ಬಂತು. ಮೊದಲ ವಾರ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸಿದೆ. ಒಬ್ಬ ಹುಡುಗನೇ ಉತ್ತರಿಸುತ್ತಿದ್ದ. ಇಬ್ಬರು ಹುಡುಗಿಯರು ಸುಮ್ಮನಿರುತ್ತಿದ್ದರು. ನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ ಎಂದು ಥಟ್ಟನೆ ಹೇಳಿದವನು, ‘ಹಾಗಾದರೆ ಶೀತಪ್ರದೇಶದ ಸರೋವರ ಮೇಲಿನಿಂದ ಏಕೆ ಹೆಪ್ಪುಗಟ್ಟುತ್ತದೆ?’ ಎಂದಾಗ ತಡವರಿಸಿದ. ತಪ್ಪು ನನ್ನ ತಯಾರಿಯಲ್ಲಿತ್ತು.

ಕ್ರಮ ಬದಲಿಸಿದೆ. ಭೌತ, ರಸಾಯನ, ಜೀವ ವಿಜ್ಞಾನಗಳನ್ನು ಮೂವರಿಗೂ ಹಂಚಿದೆ. ದಿನಕ್ಕೆ ತಲಾ 5 ಪ್ರಶ್ನೆಗಳನ್ನು ಅವರೇ ರಚಿಸಬೇಕು. ಅವುಗಳಲ್ಲಿ ಎರಡು ‘ಏಕೆ’ ಪ್ರಶ್ನೆಗಳಿರಬೇಕು. ಉತ್ತರಕ್ಕೆ ಮುನ್ನ 30 ಸೆಕೆಂಡು ಚರ್ಚೆ. ಒಬ್ಬರು ಉತ್ತರ ಹೇಳಿದರೆ ಇನ್ನೊಬ್ಬರು ಕಾರಣ ಹೇಳಬೇಕು.

ಹತ್ತನೇ ದಿನ ಅದೇ ಪ್ರಶ್ನೆಗೆ ಸುಮ್ಮನಿರುತ್ತಿದ್ದ ಹುಡುಗಿಯೊಬ್ಬಳು ಎದ್ದಳು: “4 ಡಿಗ್ರಿಗಿಂತ ತಣ್ಣಗಾದ ನೀರು ಹಗುರ ಆಗುತ್ತೆ ಮಿಸ್, ಮೇಲೇ ಉಳಿದು ಹೆಪ್ಪುಗಟ್ಟುತ್ತೆ.”

ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ಆದರೆ ಅಂದು ಮೂವರೂ ಉತ್ತರಿಸಿದರು.