ಹಲಸಿನ ಹಲಗೆ, ಹತ್ತು ಬೆರಳು

ಮೆಲ್ಕಾರ್: ಸಂಜೆ ಐದೂವರೆಗೆ ಇಲ್ಲಿನ ಜಂಕ್ಷನ್ನಿನಲ್ಲಿ ಬಸ್ಸು ಕಾಯುವವರಿಗೆ ಗೊತ್ತು, ಸಜಿಪ, ಮುಡಿಪು ಕಡೆಯ ಬಸ್ಸು ಬರುವಷ್ಟರಲ್ಲಿ ಊರಿನ ಅರ್ಧ ಪಂಚಾಯ್ತಿ ಅಲ್ಲೇ ಮುಗಿದಿರುತ್ತದೆ. ಮೊನ್ನೆ ನಡೆದ ಪಂಚಾಯ್ತಿ ರಾಜಕೀಯದ್ದಲ್ಲ, ಅಡಿಕೆ ರೇಟಿನದ್ದೂ ಅಲ್ಲ. ಅದು ಒಂದು ಗರಗಸದ್ದು.

ವಾದಿ ಒಬ್ಬ ದಿನಸಿ ಅಂಗಡಿಯ ಯಜಮಾನರು. ಹೆಸರು ಹಾಕಬಾರದೆಂದು ಕರಾರು. ಹಾಕಿದರೆ ಮನೆಯಲ್ಲಿ ಊಟಕ್ಕೆ ತೊಂದರೆಯಂತೆ. ಅಜ್ಜನ ಕಾಲದ ಹಂಚಿನ ಮನೆ ಕೆಡವಿ ಟೇರೆಸ್ ಮನೆ ಕಟ್ಟಿಸಿದ್ದಾರೆ. ಹಳೇ ಮನೆಯ ಪಕ್ಕಾಸು, ರೀಪು, ದಾರಂದ, ಅಟ್ಟದ ಹಲಗೆ ಎಲ್ಲ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿವೆ. ಹೆಚ್ಚಿನದೂ ಹಲಸು, ಹೆಬ್ಬಲಸು. ಸೌದೆಗೆ ಕೊಡಲು ಮನಸ್ಸಿಲ್ಲ. ರಜಾದಿನ ತಾನೇ ಕೂತು ಊಟದ ಮೇಜು, ಮಕ್ಕಳಿಗೆ ಪುಸ್ತಕದ ಕಪಾಟು ಮಾಡಬೇಕೆಂಬ ಹುಮ್ಮಸ್ಸು. ಮೊಬೈಲಿನಲ್ಲಿ ನೋಡಿ ನೋಡಿ, ನಡುವೆ ಬ್ಲೇಡು ತಿರುಗುವ ಆ ಮೇಜು, ಅಂದರೆ ಟೇಬಲ್ ಸಾ, ಮನೆಗೆ ತರುವುದೆಂದು ತೀರ್ಮಾನವೂ ಆಗಿತ್ತು.

ಪಕ್ಕದಲ್ಲೇ ಚೀಲ ಹಿಡಿದು ನಿಂತಿದ್ದ ವಯಸ್ಸಾದ ಆಚಾರಿಯೊಬ್ಬರನ್ನು ಕೇಳಿದರು: "ಆಚಾರ್ರೇ, ಎಷ್ಟು ಎಚ್‌ಪಿದು ತೆಗೊಳ್ಳುದು ಒಳ್ಳೇದು?"

ಆಚಾರಿ ತಮ್ಮ ಎಡಗೈ ಎತ್ತಿ ತೋರಿಸಿದರು. ತೋರುಬೆರಳು ಅರ್ಧಕ್ಕೇ ನಿಂತಿತ್ತು. "ಎಚ್‌ಪಿ ಮತ್ತೆ ನೋಡುವ ಧಣಿ. ಮೊದಲು ಬೆರಳು ಎಷ್ಟುಂಟು ಅಂತ ಎಣಿಸಿ. ಮಿಶಿನು ತಂದ ಮೇಲೆಯೂ ಅಷ್ಟೇ ಉಂಟಾ ಅಂತ ನೋಡ್ಬೇಕಲ್ಲ."

ನಗು ಬಂತು. ಆದರೆ ಯಾರೂ ಹೆಚ್ಚು ಹೊತ್ತು ನಗಲಿಲ್ಲ.

ಹಂಚು ಹೋಯಿತು, ಮರ ಉಳಿಯಿತು

ಇದು ಒಬ್ಬ ಅಂಗಡಿ ಯಜಮಾನರ ಸಮಸ್ಯೆಯಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ನಮ್ಮ ಜಿಲ್ಲೆಯ ಮನೆಗಳಿಗೆ ಹಂಚಿನ ಮಾಡು ಬಂತು. ಒಂದೊಂದು ಮಾಡಿನ ಕೆಳಗೂ ಒಂದು ಸಣ್ಣ ತೋಟದಷ್ಟು ಮರ. ಈಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಲ್ಲಿ ಹೋದರೂ ಆ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಎರಡು ತಲೆಮಾರು ಹೊಗೆ ಕುಡಿದು ಒಣಗಿದ ಹಲಸಿನ ಮರ ಹೊಸದಾಗಿ ಕೊಳ್ಳಹೊರಟರೆ ಸಿಗುವಂಥದ್ದಲ್ಲ. ಅದನ್ನು ಒಲೆಗೆ ಹಾಕುವುದು ಪಾಪವೇ ಸರಿ. ಆದ್ದರಿಂದ ಯಜಮಾನರ ಆಸೆಯಲ್ಲಿ ತಪ್ಪಿಲ್ಲ. ತಪ್ಪುವುದು ಅಂಗಡಿಯಲ್ಲಿ ಕೇಳುವ ಮೊದಲನೇ ಪ್ರಶ್ನೆ.

ಬೇಕೋ ಬೇಡವೋ?

ಐದಂಕಿಯ ಹಣ ಕೊಡುವ ಮೊದಲು ಇದನ್ನು ಯೋಚಿಸಿ. ವರ್ಷಕ್ಕೊಂದು ಸ್ಟೂಲು ಮಾಡುವವನಿಗೆ ಈ ಯಂತ್ರ ಬೇಡ. ಒಳ್ಳೇ ಕೈಗರಗಸ, ಉಳಿ, ಕೀಸುಳಿ ಸಾಕು. ದೊಡ್ಡ ಪ್ಲೈವುಡ್ ಶೀಟನ್ನು ತುಂಡು ಮಾಡುವುದಷ್ಟೇ ಕೆಲಸವಾದರೆ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಮತ್ತು ನೇರವಾದ ಒಂದು ಪಟ್ಟಿ ವಾಸಿ. ಎಂಟು ಅಡಿ ಉದ್ದದ ಶೀಟನ್ನು ಸಣ್ಣ ಮೇಜಿನ ಮೇಲೆ ಒಬ್ಬನೇ ತಳ್ಳುವುದು ಎಮ್ಮೆಯನ್ನು ಕಾಲುಸಂಕ ದಾಟಿಸಿದ ಹಾಗೆ.

ಒಂದೇ ಅಗಲದ ಪಟ್ಟಿಗಳನ್ನು ಹತ್ತಿಪ್ಪತ್ತು ಸೀಳಬೇಕು, ಉದ್ದಕ್ಕೂ ಒಂದೇ ಅಳತೆ ಬರಬೇಕು ಎಂದಾಗ ಮಾತ್ರ ಟೇಬಲ್ ಸಾಗೆ ಸಮನಾದದ್ದು ಇನ್ನೊಂದಿಲ್ಲ. ಪಕ್ಕಾಸಿನಿಂದ ಮೇಜಿನ ಕಾಲು, ರೀಪಿನಿಂದ ಕಪಾಟಿನ ಪಟ್ಟಿ ತೆಗೆಯುವವರಿಗೆ ಅದು ಹೇಳಿ ಮಾಡಿಸಿದ್ದು.

ಆದರೆ ದಿಮ್ಮಿ ಸೀಳಲು ಅಲ್ಲ. ಉರುಟು ಮರ ಮೇಜಿನ ಮೇಲೆ ಉರುಳುತ್ತದೆ, ಬ್ಲೇಡು ಅದನ್ನು ಕಚ್ಚಿ ಎಳೆಯುತ್ತದೆ, ಜೊತೆಗೆ ಕೈಯನ್ನೂ. ಅಲ್ಲದೆ ದಿಮ್ಮಿ ಸೀಳುವ ಮಿಲ್ಲು ನಡೆಸಲು ಅರಣ್ಯ ಇಲಾಖೆಯ ಪರವಾನಗಿ ಬೇಕು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಮೊಕದ್ದಮೆಯಲ್ಲಿ ಆದೇಶ ಕೊಟ್ಟ ಮೇಲೆ ದೇಶದಲ್ಲೆಲ್ಲ ಆ ಬಿಗಿ ಹೆಚ್ಚಿದೆ. ಆಚಾರಿಯವರು ಇದನ್ನೇ ಸುಲಭದಲ್ಲಿ ಹೇಳಿದರು: "ದಿಮ್ಮಿ ಮಿಲ್ಲಿಗೆ, ಹಲಗೆ ಮನೆಗೆ."

ಎಕ್ಸ್‌ಪ್ರೆಸ್ ಬಸ್ಸಿಗಿಂತ ಜೋರು

ಮನೆಬಳಕೆಯ ಟೇಬಲ್ ಸಾ ಸಾಮಾನ್ಯವಾಗಿ 10 ಇಂಚಿನದ್ದು, ಅಂದರೆ ಬ್ಲೇಡಿನ ಅಡ್ಡಳತೆ 254 ಮಿಲಿಮೀಟರ್. ನೆಟ್ಟಗೆ ನಿಲ್ಲಿಸಿದರೆ ಸುಮಾರು 3 ಇಂಚು ದಪ್ಪದ ಮರ ಕೊರೆಯುತ್ತದೆ. ನಿಮಿಷಕ್ಕೆ 3,650 ಸುತ್ತು ತಿರುಗುವ ಯಂತ್ರವೆಂದಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಬ್ಲೇಡಿನ ಹಲ್ಲು ಗಂಟೆಗೆ ಸುಮಾರು 175 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ನಮ್ಮ ಧರ್ಮಸ್ಥಳದ ಎಕ್ಸ್‌ಪ್ರೆಸ್ ಡ್ರೈವರಣ್ಣನೂ ಆ ಸ್ಪೀಡು ಕಂಡಿರಲಿಕ್ಕಿಲ್ಲ.

ಬೆರಳು ನೇರವಾಗಿ ಬ್ಲೇಡಿಗೆ ತಾಗುವುದು ಒಂದು ಅಪಾಯ. ಹೊಸಬರು ತಿಳಿಯದ ಇನ್ನೊಂದು ಅಪಾಯವುಂಟು. ಬ್ಲೇಡಿನ ಮುಂಭಾಗದ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ; ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಸೀಳಿದ ಮರ ಹಿಂದೆ ಮುಚ್ಚಿಕೊಂಡು ಬ್ಲೇಡನ್ನು ಅಮುಕಿತೋ, ಆ ಹಲ್ಲುಗಳು ಹಲಗೆಯನ್ನೇ ಎತ್ತಿ ನಿಂತವನ ಹೊಟ್ಟೆಗೆ ಎಸೆಯುತ್ತವೆ. ಹಲಗೆ ಹಾರಿದಾಗ, ಅದನ್ನು ಹಿಡಿದಿದ್ದ ಕೈ ಬ್ಲೇಡಿನ ಮೇಲೆ ಬೀಳುತ್ತದೆ. ಆಚಾರಿಯವರ ಬೆರಳು ಹೋದದ್ದೂ ಹೀಗೆಯೇ. "ಕಣ್ಣು ಮಿಟುಕಿಸುವಷ್ಟು ಹೊತ್ತಿಲ್ಲ. ಮೊದಲು ನೋವೂ ಗೊತ್ತಾಗ್ಲಿಲ್ಲ ಧಣಿ" ಎಂದರು. ಹಸಿ ಮರ, ಬಾಗಿದ ಮರ, ಒಳಗೆ ಬಿಗಿ ಇರುವ ಮರ ಹೀಗೆ ಮುಚ್ಚಿಕೊಳ್ಳುವುದು ಹೆಚ್ಚು. ಮಳೆಗಾಲದಲ್ಲಿ ಕೊಟ್ಟಿಗೆಯ ಮರ ಹೇಗಿರುತ್ತದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಮೊದಲನೆಯದು ರೈವಿಂಗ್ ನೈಫ್. ಹೆಸರು ಕೇಳಿ ಹೆದರಬೇಡಿ. ಬ್ಲೇಡಿನ ಬೆನ್ನಿಗೆ ಅಂಟಿದಂತೆ ನಿಲ್ಲುವ ಬಾಗಿದ ಉಕ್ಕಿನ ತಗಡು ಅಷ್ಟೇ. ಸೀಳಿದ ಮರ ಮತ್ತೆ ಮುಚ್ಚದ ಹಾಗೆ ಬೆಣೆಯಂತೆ ತಡೆಯುವುದು ಅದರ ಕೆಲಸ. ಬ್ಲೇಡಿನ ಮೈಗಿಂತ ತುಸು ದಪ್ಪ, ಹಲ್ಲು ಕೊರೆದ ಸೀಳಿಗಿಂತ ತುಸು ತೆಳು ಇರಬೇಕು. ಬ್ಲೇಡು ಏರಿಸಿದರೆ ಅದೂ ಏರಬೇಕು, ಇಳಿಸಿದರೆ ಇಳಿಯಬೇಕು. ಇದಿಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬ್ಲೇಡಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವೂ ಇರಲಿ. ಮನೆಗೆ ತಂದ ದಿನವೇ ಅದನ್ನು ಕಳಚಿ ಅಟ್ಟಕ್ಕೆ ಹಾಕುವ ಬುದ್ಧಿವಂತರು ನಮ್ಮಲ್ಲಿ ಕಡಿಮೆಯಿಲ್ಲ.

ಎರಡನೆಯದು ಫೆನ್ಸ್, ಅಂದರೆ ಮರವನ್ನು ಆನಿಸಿ ತಳ್ಳುವ ನೇರ ಪಟ್ಟಿ. ಇದಕ್ಕೊಂದು ಪುಕ್ಕಟೆ ಪರೀಕ್ಷೆಯುಂಟು. ಪ್ಲಗ್ಗು ತೆಗೆಸಿ, ಬ್ಲೇಡಿನ ಒಂದು ಹಲ್ಲಿಗೆ ಪೆನ್ಸಿಲಿನಿಂದ ಗುರುತು ಹಾಕಿ. ಆ ಹಲ್ಲನ್ನು ಮುಂದೆ ತಂದು ಫೆನ್ಸಿಗೆ ಎಷ್ಟು ದೂರವೆಂದು ಅಳೆಯಿರಿ. ಕೈಯಿಂದ ಬ್ಲೇಡು ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ಒಯ್ದು ಮತ್ತೆ ಅಳೆಯಿರಿ. ಎರಡೂ ಒಂದೇ ಇರಬೇಕು. ಹಿಂದೆ ಕಡಿಮೆ ಬಂದರೆ ಮರ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಬೀಳುತ್ತದೆ. ಸರಿಮಾಡಲು ಬರುತ್ತದೋ ಎಂದು ಅಂಗಡಿಯವರನ್ನೇ ಕೇಳಿ. ಫೆನ್ಸನ್ನು ಬಿಗಿದ ಮೇಲೆ ಅದರ ತುದಿಯನ್ನು ಅಲುಗಾಡಿಸಿ ನೋಡಿ. ಅಲುಗಾಡಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಮೂರನೆಯದು ಸ್ವಿಚ್ಚು. ನಮ್ಮೂರಿನ ಕರೆಂಟು ಹೋಗುವುದೂ ಬರುವುದೂ ಹೇಳಿ ಕೇಳಿ ಅಲ್ಲ. ಕರೆಂಟು ಹೋದಾಗ ನಿಂತ ಯಂತ್ರ, ಬಂದ ಕೂಡಲೇ ತಾನಾಗಿ ತಿರುಗಬಾರದು. ನಾವು ಮತ್ತೆ ಒತ್ತಿದರೆ ಮಾತ್ರ ಶುರುವಾಗಬೇಕು. ಅಂಥ ಸ್ವಿಚ್ಚು ಇದೆಯೋ ಕೇಳಿ. ಎರಡು ಕೈಯೂ ಮರದ ಮೇಲಿರುವಾಗ ಮೊಣಕಾಲಿನಿಂದ ದೂಡಿದರೂ ಆಫ್ ಆಗುವ ಅಗಲ ಕೆಂಪು ಗುಂಡಿ ಇದ್ದರೆ ಇನ್ನೂ ಒಳ್ಳೆಯದು.

ಎಚ್‌ಪಿಯ ಮಾತು ಇವೆಲ್ಲದರ ನಂತರ. ಒಂದು ಎಚ್‌ಪಿ ಎಂದರೆ 746 ವಾಟ್. ಮನೆಕೆಲಸಕ್ಕೆ 1,500ರಿಂದ 2,000 ವಾಟಿನ ಯಂತ್ರ ಧಾರಾಳ. ಎತ್ತಿಕೊಂಡು ಹೋಗುವ ಸಣ್ಣ ಯಂತ್ರಗಳಲ್ಲಿ ಕಾರ್ಬನ್ ಬ್ರಶ್ ಇರುವ ಮೋಟಾರು. ಹಗುರ, ಆದರೆ ಗಲಾಟೆ ಜಾಸ್ತಿ, ಬ್ರಶ್ ಬದಲಿಸುತ್ತಿರಬೇಕು. ಇಂಡಕ್ಷನ್ ಮೋಟಾರಿನದ್ದು ಭಾರ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಆದರೆ ಒಮ್ಮೆ ಇಟ್ಟಲ್ಲಿಂದ ಕದಲಿಸುವುದು ಕಷ್ಟ. ಯಾವ ಕಂಪೆನಿಯದ್ದೇ ಇರಲಿ, ಬಿಡಿಭಾಗ ಮತ್ತು ರಿಪೇರಿ ಮಂಗಳೂರಿನಲ್ಲಾದರೂ ಸಿಗುತ್ತದೋ ವಿಚಾರಿಸಿ. ಆನ್‌ಲೈನಿನಲ್ಲಿ ತರಿಸಿದ ಯಂತ್ರದ ಒಂದು ಸ್ಕ್ರೂ ಹೋದರೆ ಇಡೀ ಯಂತ್ರ ಕೊಟ್ಟಿಗೆಯಲ್ಲಿ ಕೋಳಿಗೂಡಿನ ಆಧಾರವಾದೀತು.

ಬ್ಲೇಡು, ಪ್ಲಗ್ಗು, ಮಳೆ

ಬ್ಲೇಡಿನಲ್ಲಿ ಹಲ್ಲು ಹೆಚ್ಚಿದ್ದರೆ ಒಳ್ಳೆಯದೆಂಬುದು ತಪ್ಪು. ಎಳೆಯ ಉದ್ದಕ್ಕೆ ಸೀಳಲು 24 ಹಲ್ಲಿನದ್ದು, ಎಲ್ಲ ಕೆಲಸಕ್ಕೂ 40ರದ್ದು, ಪ್ಲೈವುಡ್ ಚಕ್ಕೆ ಏಳದ ಹಾಗೆ ಕೊಯ್ಯಲು 60 ಅಥವಾ ಮೇಲಿನದ್ದು. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ಹಳೇ ಪಕ್ಕಾಸಾದರೆ ರೀಪು ಹೊಡೆದ ಮೊಳೆ ಎಲ್ಲ ಕಿತ್ತಿರಬೇಕು. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಮರದ ಮೇಲೆ ಓಡಿಸಿದರೆ ತಲೆ ಮುರಿದ ಮೊಳೆಗಳೂ ಸಿಕ್ಕಿಬೀಳುತ್ತವೆ.

1,800 ವಾಟಿನ ಯಂತ್ರ ಸುಮಾರು 8 ಆಂಪಿಯರ್ ಎಳೆಯುತ್ತದೆ. ಫ್ಯಾನಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ವಯರು ಬಿಸಿಯಾಗುತ್ತದೆ. ಅರ್ಥಿಂಗ್ ಸರಿಯಿರುವ 16 ಆಂಪಿಯರಿನ ಪ್ಲಗ್ಗು ಬೇಕು. ಎರಕದ ಕಬ್ಬಿಣದ ಮೇಜಾದರೆ ನಮ್ಮ ಮಳೆಗೆ ಒಂದೇ ವಾರದಲ್ಲಿ ಕೆಂಪಾಗುತ್ತದೆ. ಅದಕ್ಕೆ ಮೇಣ ತಿಕ್ಕಿ. ಎಣ್ಣೆ ಹಚ್ಚಿದರೆ ಮರಕ್ಕೆ ಕಲೆ. ಮರದ ಹುಡಿಯೂ ಸಾಮಾನ್ಯದ್ದಲ್ಲ. ಅದು ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಹೆಗಲಿನ ಬೈರಾಸು, ಕೈಯ ಗ್ಲೌಸು ಮಾತ್ರ ಬೇಡ. ಬ್ಲೇಡು ಅವನ್ನು ಹಿಡಿದರೆ ನಿಮ್ಮನ್ನೂ ಎಳೆಯುತ್ತದೆ.

ತಲೆಕೆಳಗಿನ ಕಟ್ಟರು

ಇಷ್ಟೆಲ್ಲ ಕೇಳಿ ಯಜಮಾನರು, "ಅದು ಬೇಡ ಮಾರಾಯ್ರೆ, ವೆಲ್ಡಿಂಗಿನವನಲ್ಲಿ ಒಂದು ಸ್ಟ್ಯಾಂಡು ಮಾಡಿಸಿ ಕೈಯ ಕಟ್ಟರನ್ನೇ ಕವುಚಿ ಕೂರಿಸಿದರೆ ಎಂತ? ಎಲ್ಲ ಕಡೆ ಉಂಟಲ್ಲ?" ಎಂದರು.

ಹೌದು, ಎಲ್ಲ ಕಡೆ ಉಂಟು. ಮನೆ ಕಟ್ಟುವಲ್ಲಿ ಹೋಗಿ ನೋಡಿ. ಪ್ಲೈವುಡ್ಡಿಗೆ ತೂತು ಮಾಡಿ ಕೆಳಗಿನಿಂದ ಕಟ್ಟರು ಕಟ್ಟಿರುತ್ತಾರೆ. ಮುಚ್ಚಳವಿಲ್ಲ, ಹಿಂದೆ ತಗಡಿಲ್ಲ, ಸ್ವಿಚ್ಚನ್ನು ಹಗ್ಗದಿಂದ ಬಿಗಿದಿರುತ್ತಾರೆ. ಇನ್ನು ಕೆಲವರು ನಿಮಿಷಕ್ಕೆ 11,000 ಸುತ್ತಿನ ಗ್ರೈಂಡರಿಗೆ ಮರದ ಬ್ಲೇಡು ಹಾಕುತ್ತಾರೆ. ದಿನಗೂಲಿಯ ಹುಡುಗರು ಬೇರೆ ಗತಿಯಿಲ್ಲದೆ ಅದರಲ್ಲಿ ಕೆಲಸ ಮಾಡುತ್ತಾರೆ. ಹಾಗಾಗಿ ಮನೆ ಕಟ್ಟಿಸುವ ಧಣಿಗಳಿಗೂ ಒಂದು ಮಾತು: ಟೈಲ್ಸಿನ ಬಣ್ಣ ನೋಡಲು ದಿನಕ್ಕೆರಡು ಸಲ ಹೋಗುತ್ತೀರಿ; ಒಮ್ಮೆ ಆಚಾರಿಯ ಮೇಜಿನ ಕೆಳಗೂ ಬಗ್ಗಿ ನೋಡಿ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಒಂದು. ಉಪಕರಣಕ್ಕೆ 15,000 ರೂಪಾಯಿ ತನಕ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿ ಸೇರಿದೆ. ಗೊತ್ತಿಲ್ಲದ ಆಚಾರಿಗಳಿಗೆ ಗೊತ್ತಿರುವವರು ಹೇಳಿದರೆ ಪುಣ್ಯ.

ಬೆರಳು ಗುರುತಿಸುವ ಗರಗಸ

ಅಮೆರಿಕದಲ್ಲೂ ಟೇಬಲ್ ಸಾದಿಂದ ಗಾಯಗೊಂಡು ವರ್ಷಕ್ಕೆ 30 ಸಾವಿರಕ್ಕೂ ಮಿಕ್ಕಿದ ಮಂದಿ ಚಿಕಿತ್ಸೆಗೆಂದು ಆಸ್ಪತ್ರೆಗೆ ಹೋಗುತ್ತಾರೆಂದು ಅಲ್ಲಿನ ಸರಕಾರಿ ಲೆಕ್ಕ. 1999ರಲ್ಲಿ ಸ್ಟೀಫನ್ ಗ್ಯಾಸ್ ಎಂಬ ಪೇಟೆಂಟ್ ವಕೀಲರು, ಹವ್ಯಾಸಕ್ಕೆ ಮರಗೆಲಸ ಮಾಡುತ್ತಿದ್ದವರು, ಇದಕ್ಕೊಂದು ಉಪಾಯ ಕಂಡುಹಿಡಿದರು. ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದ ಕೂಡಲೇ ಅದು ಬದಲಾಗಿ, ಒಂದು ಅಲ್ಯುಮಿನಿಯಂ ತುಂಡು ಹಲ್ಲಿಗೆ ಕಚ್ಚಿಕೊಂಡು ಸೆಕೆಂಡಿನ ಸಾವಿರದ ಐದು ಪಾಲಿನಲ್ಲಿ ಬ್ಲೇಡು ನಿಲ್ಲುತ್ತದೆ. ಬೆರಳಿಗೆ ಬರೇ ಗೀರು. ಸಾ ಸ್ಟಾಪ್ ಎಂದು ಅದರ ಹೆಸರು. ಬೆಲೆ ಜಾಸ್ತಿ, ಒಮ್ಮೆ ನಿಂತರೆ ಆ ತುಂಡೂ ಸಾಮಾನ್ಯವಾಗಿ ಬ್ಲೇಡೂ ಹೋದ ಹಾಗೆಯೇ, ತೀರಾ ಹಸಿ ಮರವನ್ನು ಬೆರಳೆಂದು ತಿಳಿದು ನಿಂತುಬಿಡುವುದೂ ಉಂಟು. ಅದು ನಮ್ಮ ಕೈಗೆಟಕುವ ತನಕ ತಗಡು, ಮುಚ್ಚಳ ಮತ್ತು ಒಂದು ತಳ್ಳುಕೋಲೇ ಗತಿ. ತಳ್ಳುಕೋಲನ್ನು ಚೂರು ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಮಾಡಬಹುದು. ಖರ್ಚಿಲ್ಲ.

ಆಗಬಾರದ್ದು ಆದರೆ ಇಷ್ಟು ನೆನಪಿರಲಿ. ಗಾಯಕ್ಕೆ ಶುಭ್ರ ಬಟ್ಟೆ ಒತ್ತಿ ಹಿಡಿದು ಕೈ ಎತ್ತಿಡಿ. ತುಂಡಾದ ಬೆರಳನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸು ನೀರಿನಲ್ಲಿ ಇಡಿ. ಬೆರಳನ್ನು ನೇರ ಐಸಿಗೆ ಹಾಕಬಾರದು. ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ ಹೊರಡಿ. ಆಚಾರಿಯವರಿಗೆ ಆ ದಿನ ಇದನ್ನು ಹೇಳುವವರಿರಲಿಲ್ಲ. ಬೆರಳು ಮರದ ಹುಡಿಯಲ್ಲೇ ಉಳಿಯಿತು.

ಅಷ್ಟರಲ್ಲಿ ಬಸ್ಸು ಬಂತು. ಯಜಮಾನರು ಕೇಳಿದರು: "ಆಚಾರ್ರೇ, ಆದಿತ್ಯವಾರ ಒಂದು ಸಲ ನನ್ನೊಟ್ಟಿಗೆ ಮಂಗಳೂರಿಗೆ ಬರ್ತೀರಾ? ನೀವೇ ನೋಡಿ ಹೇಳಿ."

"ಬರ್ತೇನೆ ಧಣಿ. ಆದರೆ ಬೆನ್ನಿಗೆ ತಗಡು ಇಲ್ಲದ್ದನ್ನು ತೆಗೊಂಡ್ರೆ ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂರ್ತೇನೆ."

ಊಟದ ಮೇಜು ಯಾವಾಗ ಆಗುತ್ತದೋ ತಿಳಿಯದು. ಆದಾಗ ಅದರ ಸುತ್ತ ಕೂತವರ ಬೆರಳೆಲ್ಲ ಲೆಕ್ಕಕ್ಕೆ ಸರಿಯಿರಲಿ, ಅಷ್ಟೇ.